‘ಮಾಡಿದ್ವಿ’ ಅಂದರೆ ಮಾಡಿದ್ದು ಯಾರು?

ವಿಜಯನಗರದಿಂದ ಬರೆದಿದ್ದೀರಿ. ಕೆನಡಾದ ಪಿಆರ್, ಅಂದರೆ ಅಲ್ಲೇ ನೆಲೆಸುವ ಅನುಮತಿ, ಕೈಗೆ ಬಂದಿದೆ, ಜನವರಿಯಲ್ಲಿ ಟೊರಾಂಟೊಗೆ ಹೊರಡುತ್ತೀರಿ, ಅಷ್ಟರಲ್ಲಿ ಬೆಂಗಳೂರಿನಿಂದಲೇ ವಿಡಿಯೋದಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದೀರಿ. ಕೋಡಿಂಗ್ ರೌಂಡ್ ಸಲೀಸಾಗಿ ದಾಟುತ್ತದೆ. ಆಮೇಲೆ "ಮ್ಯಾನೇಜರ್ ಜೊತೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ" ಅಂದ ಕೂಡಲೇ ಬಾಯಿ ಕಟ್ಟುತ್ತದೆ. ಮೂರು ಕಡೆ ಹೀಗೇ ಆಯಿತು. "ಮೇಡಂ, ಅಲ್ಲಿ ಜೀವನ ಹೇಗಿದೆ? ಈ ಉತ್ತರಗಳನ್ನ ಬಾಯಿಪಾಠ ಮಾಡ್ಕೊಂಡ್ರೆ ನಡೆಯುತ್ತಾ?" ಅಂತ ಕೇಳಿದ್ದೀರಿ.

ಮೇಡಂ ಎಲ್ಲ ಬೇಡ, ಅಕ್ಕ ಅನ್ನಿ ಸಾಕು. ನಾನು ತ್ಯಾಗರಾಜನಗರದವಳು. ಇಲ್ಲಿಗೆ ಬಂದು 11 ವರ್ಷ ಆಯಿತು.

ಜೀವನದ ವಿಷಯ ಎರಡು ಮಾತಲ್ಲಿ ಮುಗಿಸುತ್ತೇನೆ. ಚಳಿಗೆ ಜಾಕೆಟ್ ಇಲ್ಲಿಗೆ ಬಂದು ಕೊಳ್ಳಿ. ಕಮರ್ಷಿಯಲ್ ಸ್ಟ್ರೀಟಿನದು ಇಲ್ಲಿನ ಫೆಬ್ರವರಿಗೆ ಸಾಲುವುದಿಲ್ಲ. ಬಾಡಿಗೆ ಮನೆಗೆ ನಮ್ಮೂರಿನ ಹಾಗೆ 10 ತಿಂಗಳ ಅಡ್ವಾನ್ಸ್ ಕೊಡಬೇಕಿಲ್ಲ. ಟೊರಾಂಟೊ ಇರುವ ಆಂಟಾರಿಯೊ ಪ್ರಾಂತ್ಯದಲ್ಲಿ ಮನೆ ಮಾಲೀಕರು ಡಿಪಾಸಿಟ್ ಅಂತ ಕೇಳಬಹುದಾದದ್ದು ಕೊನೆಯ ಒಂದು ತಿಂಗಳ ಬಾಡಿಗೆ ಮಾತ್ರ. ಆದರೆ ಕೆಲಸ ಇದೆಯಾ, ಸಂಬಳ ಎಷ್ಟು ಅಂತ ಪತ್ರ ತೋರಿಸಿ ಅನ್ನುತ್ತಾರೆ. ಹಾಗಾಗಿ ಸುತ್ತಿ ಬಳಸಿ ಮಾತು ಮತ್ತೆ ನಿಮ್ಮ ಇಂಟರ್‌ವ್ಯೂಗೇ ಬಂತು.

ನನ್ನ ಮೊದಲ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ ಬಂದಿತ್ತು. "ಇಲ್ಲ, ನನಗೂ ನನ್ನ ಮ್ಯಾನೇಜರಿಗೂ ಯಾವತ್ತೂ ಒಂದು ಮಾತೂ ಬಂದಿಲ್ಲ" ಅಂದೆ. ಒಳ್ಳೆ ಹುಡುಗಿ ಅಂದುಕೊಳ್ಳುತ್ತಾರೆ ಅಂತ ನನ್ನ ಲೆಕ್ಕ. ಪ್ರಶ್ನೆ ಕೇಳಿದಾಕೆ ಏನೋ ಬರೆದುಕೊಂಡಳು, ನಕ್ಕಳು, ಮುಂದಿನ ಪ್ರಶ್ನೆಗೆ ಹೋದಳು. ಎರಡು ದಿನಕ್ಕೆ ಬೇಡ ಅಂತ ಮೇಲ್ ಬಂತು. ಈಗ ನಾನೇ ಆ ಕಡೆ ಕುರ್ಚಿಯಲ್ಲಿ ಕೂರುತ್ತೇನೆ. ಯಾರಾದರೂ ಹಾಗೆ ಹೇಳಿದರೆ, ಒಂದೋ ಇವರು ಮುಚ್ಚಿಡುತ್ತಿದ್ದಾರೆ, ಇಲ್ಲ ತಪ್ಪು ಕಂಡರೂ ಸುಮ್ನೆ ಇರುತ್ತಾರೆ ಅಂತ ನನಗೂ ಅನ್ನಿಸುತ್ತದೆ.

ಎರಡನೇ ಇಂಟರ್‌ವ್ಯೂಗೆ ಒಂದು ನಿಜವಾದ ಘಟನೆ ಹುಡುಕಿಕೊಂಡು ಹೋದೆ. ಬೆಳ್ಳಂದೂರಿನ ಆಫೀಸಿನಲ್ಲಿ ಟೆಸ್ಟಿಂಗ್ ಮಾಡುತ್ತಿದ್ದ ಕಾಲದ್ದು. ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರ್. ಆಯುಧಪೂಜೆಯ ಹಿಂದಿನ ದಿನ ಆಫೀಸಿನಲ್ಲಿ ಪೂಜೆ. ಮಾನಿಟರಿಗೆಲ್ಲ ಕುಂಕುಮ ಇಟ್ಟು, ಗೇಟಿನಲ್ಲಿ ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ ಆಗಿತ್ತು. ಎಲ್ಲರಿಗೂ ಊರಿಗೆ ಬಸ್ ಹಿಡಿಯುವ ಆತುರ. ಸಂಜೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯ ರಿಲೀಸ್. ತಿಂಗಳ ನಡುವೆ ಕೆಲಸಕ್ಕೆ ಸೇರಿದವರ ಪಿಎಫ್ ಕಡಿತ ತಪ್ಪು ಬರುತ್ತಿದೆ ಅಂತ ನನಗೆ ಅನುಮಾನ. ಮ್ಯಾನೇಜರ್ ಹತ್ತಿರ ಹೋದರೆ, "ಹಬ್ಬದ ಹೊತ್ತಲ್ಲಿ ತಕರಾರು ತೆಗೀಬೇಡಮ್ಮಾ, ಬಂದ್ಮೇಲೆ ನೋಡೋಣ" ಅಂದರು. ಎರಡು ಗಂಟೆ ಟೈಮ್ ಕೊಡಿ ಅಂತ ಕೇಳಿದೆ. ಹಳೆಯ 200 ರೆಕಾರ್ಡ್ ಓಡಿಸಿದೆ. 9 ತಪ್ಪು ಬಂದವು. ಆ ಹಾಳೆ ಹಿಡಿದು ಅವರ ಟೇಬಲ್ಲಿಗೆ ಹೋದೆ, ಎಲ್ಲರ ಮುಂದೆ ಅಲ್ಲ. ರಿಲೀಸ್ ನಿಂತಿತು. ಒಂದು ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಆಮೇಲಿನ ಪ್ರತಿ ರಿಲೀಸ್‌ಗೂ ಆ ಪರೀಕ್ಷೆ ಪಟ್ಟಿಯಲ್ಲಿ ಸೇರಿತು.

ಒಳ್ಳೆ ಕಥೆ ಅಲ್ವಾ? ಇದನ್ನೂ ಕೆಡಿಸಿದೆ. ನಾನು ಹೇಳಿದ್ದು ಹೀಗೆ: "ವಿ ಫೌಂಡ್ ಎ ಪ್ರಾಬ್ಲಂ, ವಿ ಟೆಸ್ಟೆಡ್ ಇಟ್, ಇಟ್ ವಾಸ್ ಫಿಕ್ಸ್‌ಡ್." ಎದುರಿಗಿದ್ದವರು ಮೂರು ಸಲ ಕೇಳಿದರು, "ಬಟ್ ವಾಟ್ ಡಿಡ್ ಯೂ ಡೂ?" ಮೂರು ಸಲವೂ ನಾನು ‘ವಿ’ ಬಿಡಲಿಲ್ಲ.

ಇದರ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ. ನಾವು ಮನೆಯಲ್ಲಿ, ಆಫೀಸಿನಲ್ಲಿ ಮಾತಾಡುವ ಕನ್ನಡದಲ್ಲಿ ‘ನಾನು’ ಅನ್ನೋದನ್ನು ಒತ್ತಿ ಹೇಳಿದರೆ ಜಂಭ ಅನ್ನಿಸುತ್ತದೆ. ‘ಮಾಡಿದ್ವಿ’ ಅಂದರೆ ಮುಗಿಯಿತು, ಕೆಲಸ ಒಬ್ಬರೇ ಮಾಡಿದ್ದರೂ ಸರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಸರಿಹೋಯ್ತು’, ‘ತಪ್ಪಾಯ್ತು’ ಅನ್ನುತ್ತೇವೆ. ಯಾರಿಂದ ಸರಿಹೋಯಿತು, ಯಾರಿಂದ ತಪ್ಪಾಯಿತು, ಕೇಳಬೇಡಿ! ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಕೇಳುವವರಿಗೆ ಪಕ್ಕದಲ್ಲಿ ನಿಂತು ನೋಡಿದವರ ಮಾತಿನ ಹಾಗೆ ಕೇಳಿಸುತ್ತದೆ. ಅವರು ತಮ್ಮ ಹಾಳೆಯಲ್ಲಿ ನೀವು ಮಾಡಿದ್ದಕ್ಕೆ ಮಾತ್ರ ಅಂಕ ಹಾಕಬೇಕು. ಹಿಂದೆ ಹೇಗೆ ನಡೆದುಕೊಂಡಿರೋ ಮುಂದೆಯೂ ಹಾಗೇ ನಡೆದುಕೊಳ್ಳುತ್ತೀರಿ ಅನ್ನುವ ನಂಬಿಕೆಯ ಮೇಲೆ ನಿಂತ ಪ್ರಶ್ನೆಗಳು ಇವು.

ಅದಕ್ಕೆ ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಘಟನೆಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಪ್ರತಿ ಕ್ರಿಯಾಪದದ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ‘ಮಾಡಿದ್ವಿ’, ‘ಆಯ್ತು’ ಇರುವ ಕಡೆಯೆಲ್ಲ ಯಾರು ಅಂತ ಪಕ್ಕದಲ್ಲಿ ಬರೆಯಿರಿ. ಕೆಲವು ಕಡೆ ನಿಮ್ಮ ಹೆಸರು ಬರುತ್ತದೆ, ಕೆಲವು ಕಡೆ ಸಹೋದ್ಯೋಗಿಯದು. ಅವರದ್ದನ್ನು ಅವರಿಗೇ ಬಿಡಿ. ಸುಳ್ಳು ಸೇರಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಬಾಯಿಪಾಠದ ಪ್ರಶ್ನೆಗೂ ಇದೇ ಉತ್ತರ. ಉತ್ತರ ಉರು ಹೊಡೆದರೆ ಮೊದಲ ಎರಡು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ "ಆ ಮ್ಯಾನೇಜರ್ ಆಗಲೂ ಒಪ್ಪದೇ ಇದ್ದಿದ್ದರೆ?" ಅಂತ ಕೇಳುತ್ತಾರೆ. ನನ್ನನ್ನು ಮೂರನೇ ಕಂಪನಿಯಲ್ಲಿ ಕೇಳಿದರು. "ಆ 9 ತಪ್ಪುಗಳನ್ನು ಮೇಲ್‌ನಲ್ಲಿ ಬರೆದುಕೊಟ್ಟು, ರಿಲೀಸ್ ಆದ ಮೇಲೆ ಆ ಲೆಕ್ಕಗಳನ್ನು ಕೂತು ಕೈಯಲ್ಲಿ ಸರಿ ಮಾಡ್ತಿದ್ದೆ" ಅಂದೆ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವತ್ತು ನಾನೇ ಅಲ್ಲಿದ್ದೆ, ಹಾಗಾಗಿ ಗೊತ್ತಿತ್ತು. ಆ ಕೆಲಸ ಸಿಕ್ಕಿತು.

ನೂರು ಪ್ರಶ್ನೆಗೆ ನೂರು ಉತ್ತರ ಬೇಡ. ಆರೇಳು ಘಟನೆ ಸಾಕು: ಒಂದು ಜಗಳ, ಒಂದು ಸೋಲು, ಟೈಮ್ ಇಲ್ಲದೆ ಒದ್ದಾಡಿದ್ದು, ಬೇರೆಯವರಿಗೆ ಕಲಿಸಿದ್ದು, ಹೀಗೆ. ಒಂದೇ ಘಟನೆ ನಾಲ್ಕು ಪ್ರಶ್ನೆಗೆ ಒದಗುತ್ತದೆ. ಸ್ಟಾರ್ ಅಂತ ಒಂದು ಪದ್ಧತಿ ಎಲ್ಲರೂ ಹೇಳುತ್ತಾರೆ: ಸಿಚುಯೇಶನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್. ಪದ್ಧತಿ ಸರಿಯಾಗೇ ಇದೆ. ನಮ್ಮವರು ಎಡವುವುದು ಅಳತೆಯಲ್ಲಿ. ಪ್ರಾಜೆಕ್ಟ್ ಏನು, ಕ್ಲೈಂಟ್ ಯಾರು, ಟೀಮಿನಲ್ಲಿ ಎಷ್ಟು ಜನ ಅಂತ ಹರಿಕಥೆಯ ಪೀಠಿಕೆಯಲ್ಲೇ ಹೊತ್ತು ಕಳೆಯುತ್ತಾರೆ. ಹಿನ್ನೆಲೆ ಮೂರು ವಾಕ್ಯದಲ್ಲಿ ಮುಗಿಯಲಿ, ಉಳಿದದ್ದು ನೀವು ಮಾಡಿದ್ದು. ಕ್ಲೈಂಟ್ ಹೆಸರಂತೂ ಹೇಳಲೇಬೇಡಿ, ಗುಟ್ಟು ಉಳಿಸಿಕೊಳ್ಳದವರು ಅನ್ನಿಸುತ್ತದೆ.

ಅಮೆಜಾನ್‌ಗೂ ಅರ್ಜಿ ಹಾಕಿದ್ದೀರಲ್ಲ, ಅವರ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳು, ಅಂದರೆ ಕೆಲಸದಲ್ಲಿ ಪಾಲಿಸಬೇಕಾದ ತತ್ವಗಳು, ಅವರ ವೆಬ್‌ಸೈಟಿನಲ್ಲೇ ಇವೆ, ಪ್ರಶ್ನೆಗಳನ್ನು ಅವುಗಳ ಸುತ್ತಲೇ ಕಟ್ಟುತ್ತಾರೆ. ಒಪ್ಪದಿದ್ದರೆ ಬಾಯಿಬಿಟ್ಟು ಹೇಳು, ತೀರ್ಮಾನ ಆದ ಮೇಲೆ ಪೂರ್ತಿ ಕೈಜೋಡಿಸು ಅನ್ನೋದು ಅದರಲ್ಲಿ ಒಂದು. ನಿಮಗೆ ಬಾಯಿ ಕಟ್ಟಿದ ಪ್ರಶ್ನೆ ಅಲ್ಲಿಯೂ ಕಾದಿದೆ.

ನಿಮ್ಮ ದೌರ್ಬಲ್ಯ ಏನು ಅಂದರೆ "ನಾನು ಜಾಸ್ತಿ ಕೆಲಸ ಮಾಡ್ತೀನಿ" ಅನ್ನಬೇಡಿ, ದಯವಿಟ್ಟು. ವಾರಕ್ಕೊಮ್ಮೆ ಕೇಳಿ ಕೇಳಿ ಸಾಕಾಗಿದೆ.

ನಮ್ಮ ಇಂಗ್ಲಿಷಿನ ಕೆಲವು ಮಾತು ಇಲ್ಲಿ ನಡೆಯುವುದಿಲ್ಲ. "ಐ ಪಾಸ್ಡ್ ಔಟ್ ಇನ್ 2016" ಅಂದರೆ ಇಲ್ಲಿಯವರಿಗೆ ನೀವು ಮೂರ್ಛೆ ಹೋದ ಹಾಗೆ. ‘ಗ್ರ್ಯಾಜುಯೇಟೆಡ್’ ಅನ್ನಿ. ಲಕ್ಷ, ಕೋಟಿ ಬಿಟ್ಟು ಮಿಲಿಯನ್‌ನಲ್ಲಿ ಹೇಳಿ. ನೋಟಿಸ್ ಪೀರಿಯಡ್ 90 ದಿನ ಅಂದರೆ ಗಾಬರಿ ಆಗುತ್ತಾರೆ, ಇಲ್ಲಿ ಸಾಮಾನ್ಯವಾಗಿ ಎರಡು ವಾರ. ಮೊದಲೇ ತಿಳಿಸಿಬಿಡಿ.

ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇಲ್ಲ ಅಂತ ಕುಗ್ಗಬೇಡಿ. 25 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳು ಸಾರ್ವಜನಿಕ ಜಾಹೀರಾತಿನಲ್ಲಿ ಅದನ್ನು ಕೇಳುವ ಹಾಗಿಲ್ಲ ಅಂತ ಆಂಟಾರಿಯೊ ಕಾನೂನು ಮಾಡಿದೆ, 2026ರ ಜನವರಿ 1ರಿಂದ. ಬೆಳ್ಳಂದೂರಿನಲ್ಲಿ ಮಾಡಿದ್ದೂ ಕೆಲಸವೇ.

ಇನ್ನೊಂದು, ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದೆ ಹೋಗುತ್ತದೆ. ಈಗ ನಿಮಗೂ ನನಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಆಮೇಲೆ ಹತ್ತೂವರೆ. ಇಂಟರ್‌ವ್ಯೂ ಟೈಮ್ ಎರಡು ಸಲ ನೋಡಿಕೊಳ್ಳಿ.

ಈ ಶನಿವಾರ ನಿಮಗೆ ರಾತ್ರಿ 8 ಗಂಟೆ, ನನಗೆ ಬೆಳಿಗ್ಗೆ ಹತ್ತೂವರೆ. ಕಾಫಿ ಹಿಡಿದು ಕೂತಿರುತ್ತೇನೆ, ಕಾಲ್ ಮಾಡಿ. ಆ ಜಗಳದ ಕಥೆ ಮೊದಲು ಕನ್ನಡದಲ್ಲೇ ಹೇಳಿ. ನೀವು ‘ಮಾಡಿದ್ವಿ’ ಅಂದಾಗಲೆಲ್ಲ ನಾನು "ಯಾರು?" ಅಂತ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.