ಪ್ರತಿ: ಸಿಎಸ್‌ಐನವರಿಗೆ ಕ್ಯಾಥೊಲಿಕ್ ಚರ್ಚಲ್ಲಿ ಪ್ರಸಾದ ಯಾಕೆ ಕೊಡಲಿಲ್ಲ?

ಗೆಳೆಯನ ಮದುವೆ ಪೂಜೆಯಲ್ಲಿ ನಿಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ, ಅಂದರೆ ಪಂಗಡ) ಸಹೋದ್ಯೋಗಿ ಪ್ರಸಾದದ ಸಾಲಲ್ಲಿ ನಿಂತರೂ ಫಾದರ್ ಬರೀ ಹರಸಿ ಕಳಿಸಿದರು, 'ಇಬ್ಬರೂ ಕ್ರೈಸ್ತರೇ ಅಲ್ವಾ, ಇದು ಅವಮಾನ ಅಲ್ವಾ' ಅಂತ ಕೇಳಿದ್ದೀರಿ. ಅವಮಾನ ಅಂತ ನನಗನಿಸಲ್ಲ. ಅದು ಅವರ ನಿಯಮ.

ಕ್ಯಾಥೊಲಿಕರ ಪ್ರಕಾರ ಪೂಜೆಯಲ್ಲಿ ಆ ತೆಳು ಬಿಲ್ಲೆಯಂಥ ರೊಟ್ಟಿ ನಿಜವಾಗಿಯೂ ಕ್ರಿಸ್ತನ ಶರೀರವೇ ಆಗುತ್ತದೆ. ಅದನ್ನು ಸ್ವೀಕರಿಸುವುದೆಂದರೆ 'ನಾನು ಈ ಸಭೆಯವನು' ಎಂದು ಒಪ್ಪಿಕೊಂಡ ಹಾಗೆ. ಹಾಗಾಗಿ ಪ್ರಾಣಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಪ್ರೊಟೆಸ್ಟಂಟರಿಗೆ ಕೊಡುವುದಿಲ್ಲ.

ಹಾಗಂತ ಪ್ರೊಟೆಸ್ಟಂಟರಲ್ಲೂ ಇದರ ಬಗ್ಗೆ ಒಮ್ಮತ ಇದೆ ಅಂದ್ಕೋಬೇಡಿ. 1529ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ ಇಬ್ಬರನ್ನೂ ರಾಜಿಗೆ ಕೂರಿಸಿದ್ದರು. ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ 'ಇದು ನನ್ನ ಶರೀರ' ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟುಕೊಂಡೇ ವಾದಕ್ಕಿಳಿದರಂತೆ. ಆ ಲ್ಯಾಟಿನ್ ವಾಕ್ಯದ 'est' ಎಂಬ ಕ್ರಿಯಾಪದಕ್ಕೆ 'ಆಗಿದೆ' ಅಂತಲೇ ಅರ್ಥ ಎಂದು ಅವರ ಹಟ. 'ಸೂಚಿಸುತ್ತದೆ' ಅಂತ ಅರ್ಥ ಎಂದು ಜ್ವಿಂಗ್ಲಿ. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆ, ಕೊನೆಯದಾದ ಈ ಪ್ರಸಾದದ ವಿಷಯದಲ್ಲಿ ಮುರಿದುಬಿತ್ತು. ಒಂದು ಕ್ರಿಯಾಪದಕ್ಕೆ ಇಷ್ಟೆಲ್ಲ!

ನಿಮ್ಮ ಸಹೋದ್ಯೋಗಿಯ ಸಿಎಸ್‌ಐ ಇದಕ್ಕೆ ತದ್ವಿರುದ್ಧದ ಕಥೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಶನಲ್ ಧಾರೆಗಳು ಸೇರಿ ಆದದ್ದು. ಆಗಲೂ ಲೂಥರ್ ಪರಂಪರೆಯ ಸಭೆಗಳು ಹೆಚ್ಚಾಗಿ ಹೊರಗೇ ಉಳಿದವು.

ಅಂದಹಾಗೆ ಸಿಎಸ್‌ಐ ಸಭೆಯಲ್ಲಿ ಸಾಮಾನ್ಯವಾಗಿ ಬೇರೆ ಸಭೆಯವರಿಗೂ ಪ್ರಸಾದ ಕೊಡುತ್ತಾರೆ. ಆದರೆ ಮದುಮಗನಾದ ನಿಮ್ಮ ಕ್ಯಾಥೊಲಿಕ್ ಗೆಳೆಯ ಅಲ್ಲಿ ಹೋಗಿ ತೆಗೆದುಕೊಳ್ಳುವಂತಿಲ್ಲ, ಅವನಿಗೆ ತಡೆ ಅವನದೇ ಚರ್ಚಿನದು.