ಹೈಸ್ಕೂಲಿನ ಗಣಿತಕ್ಕೆ ಎಂಥ ಪ್ರಾಜೆಕ್ಟ್ ಕೊಡಬೇಕು, ಕಂಪ್ಯೂಟರನ್ನು ಎಲ್ಲಿ ಬಳಸಬೇಕು?

ನೀವು ಬಿ.ಎಡ್. ಎರಡನೇ ವರ್ಷದಲ್ಲಿದ್ದು, ಈ ಮಳೆಗಾಲದಲ್ಲಿ ಮಂಗಳೂರಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗುವವರಿದ್ದೀರಿ. ಒಂಬತ್ತು ಮತ್ತು ಹತ್ತನೇ ತರಗತಿಗೆ ಗಣಿತದಲ್ಲಿ ಎಂಥ ಪ್ರಾಜೆಕ್ಟ್ ಕೊಡಬಹುದು, ರೇಖಾಗಣಿತದ ಚಿತ್ರ ರಚಿಸಿ ಅಳೆಯಲು ನೆರವಾಗುವ ಜಿಯೋಜೀಬ್ರಾದಂಥ ತಂತ್ರಾಂಶವನ್ನು ಎಲ್ಲಿ ಬಳಸಬೇಕು ಎಂದು ಕೇಳಿದ್ದೀರಿ. ಉಡುಪಿ ತಾಲೂಕಿನಲ್ಲಿ ಗಣಿತ ಕಲಿಸುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶವನ್ನು ಆರಿಸಿಕೊಂಡು ಅದಕ್ಕೆ ಹೊಂದುವ ಪ್ರಾಜೆಕ್ಟ್ ಹುಡುಕಬೇಡಿ. ಮಕ್ಕಳಿಗೂ ನಿಮಗೂ ಉತ್ತರ ಗೊತ್ತಿರದ ಒಂದು ಪ್ರಶ್ನೆಯನ್ನು ಶಾಲೆಯ ಆವರಣದೊಳಗೇ ಹುಡುಕಿ; ಟೇಪು, ದಾರ, ಪೆನ್ಸಿಲ್ಲುಗಳಿಂದ ಆಗದ ಕೆಲಸ ಎದುರಾದಾಗ ಕಂಪ್ಯೂಟರ್ ತೆರೆಯಿರಿ.

ಪೈಥಾಗೊರಸ್ ಪ್ರಮೇಯದ ಥರ್ಮೋಕೋಲ್ ಮಾದರಿ, ಗಣಿತಜ್ಞರ ಚಿತ್ರ ಅಂಟಿಸಿದ ಚಾರ್ಟ್ ಇತ್ಯಾದಿಗಳನ್ನು ನಾನು ಕೊಡುವುದಿಲ್ಲ. ಅವುಗಳಲ್ಲಿ ಮಕ್ಕಳು ಶ್ರಮ ಪಡುತ್ತಾರೆ ನಿಜ, ಆದರೆ ಯಾವುದನ್ನು ಅಳೆಯಬೇಕು, ಯಾವ ಸೂತ್ರ ಇಲ್ಲಿ ಸಲ್ಲುತ್ತದೆ ಎಂದು ಸ್ವತಃ ತೀರ್ಮಾನಿಸಬೇಕಾದ ಸಂದರ್ಭ ಅವುಗಳಲ್ಲಿ ಬರುವುದೇ ಇಲ್ಲ.

ನಮ್ಮ ಕರಾವಳಿಗೆ, ಅದರಲ್ಲಿಯೂ ನೀವು ಹೋಗುವ ತಿಂಗಳುಗಳಿಗೆ, ಹೇಳಿ ಮಾಡಿಸಿದಂಥ ಪ್ರಶ್ನೆಯೊಂದಿದೆ: ನಮ್ಮ ಶಾಲೆಯ ಹಂಚಿನ ಮಾಡಿನಿಂದ ಒಂದು ವಾರದಲ್ಲಿ ಎಷ್ಟು ಲೀಟರ್ ಮಳೆನೀರು ಇಳಿಯುತ್ತದೆ? ಇದರಲ್ಲಿ ವಿಸ್ತೀರ್ಣ, ಘನಫಲ, ತ್ರಿಕೋನಮಿತಿ, ಸಂಖ್ಯಾಶಾಸ್ತ್ರ ಎಲ್ಲವೂ ಒತ್ತಾಯವಿಲ್ಲದೆ ಬರುತ್ತವೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ಆಗುತ್ತದೆ ಎಂಬುದನ್ನು ಮಕ್ಕಳೇ ಲೆಕ್ಕ ಮಾಡಿ ಕಂಡುಕೊಳ್ಳುವಂತೆ ಮೊದಲ ಅವಧಿಯನ್ನು ಮೀಸಲಿಡಿ. ಪತ್ರಿಕೆಯಲ್ಲಿ ದಿನವೂ ಬರುವ ಮಿಲಿಮೀಟರ್ ಲೆಕ್ಕಕ್ಕೆ ಅವರ ಪಾಲಿಗೆ ಆಗ ಅರ್ಥ ಬರುತ್ತದೆ.

ಮಳೆ ಅಳೆಯುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಹೊರಗೆ ತರಬೇಕು. ನೇರ ಅಂಚಿನ ಒಂದು ದೊಡ್ಡ ಪಾತ್ರೆಯನ್ನೂ ನೇರ ಅಂಚಿನ ಒಂದು ಸಣ್ಣ ಡಬ್ಬಿಯನ್ನೂ ಅಂಗಳದಲ್ಲಿ ಇಟ್ಟು, ಯಾವುದರಲ್ಲಿ ನೀರು ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ ಎಂದು ಕೇಳಿದರೆ, ತರಗತಿಯ ಹೆಚ್ಚಿನವರು ದೊಡ್ಡ ಪಾತ್ರೆ ಎನ್ನುತ್ತಾರೆ. ಮಳೆ ನಿಂತ ಮೇಲೆ ಸ್ಕೇಲು ಇಳಿಸಿ ನೋಡಿದಾಗ ಎರಡರಲ್ಲಿಯೂ ಒಂದೇ ಅಳತೆ ಸಿಗುತ್ತದೆ. ಆ ಗಳಿಗೆಯಲ್ಲಿ ನೀವು ಸೂತ್ರ ಹೇಳಿಕೊಡಲು ಆತುರಪಡಬೇಡಿ. ಅಗಲ ಹೆಚ್ಚಾದಷ್ಟೂ ಬೀಳುವ ನೀರೂ ಹೆಚ್ಚು, ಅದು ಹರಡಿಕೊಳ್ಳುವ ಜಾಗವೂ ಹೆಚ್ಚು ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಅನಂತರ ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಳದ ಉಬ್ಬುತಗ್ಗು ಮುಳುಗುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿದರೆ ಮಳೆಮಾಪಕ ಸಿದ್ಧವಾಗುತ್ತದೆ.

ಇನ್ನು ಮಾಡಿನ ವಿಸ್ತೀರ್ಣ. ಪ್ರಾಜೆಕ್ಟಿನ ಜೀವಾಳ ಇರುವುದು ಇಲ್ಲಿಯೇ. ನೀರಿನ ಲೆಕ್ಕಕ್ಕೆ ಇಳಿಜಾರಾದ ಹಂಚಿನ ಮೇಲ್ಮೈಯನ್ನು ತೆಗೆದುಕೊಳ್ಳಬೇಕೋ, ಮಾಡು ನೆಲದ ಮೇಲೆ ಮುಚ್ಚಿರುವ ಜಾಗವನ್ನೋ? ಈ ಪ್ರಶ್ನೆಯ ಮೇಲೆ ತರಗತಿ ಎರಡು ಗುಂಪಾಗಿ ವಾದಿಸಲಿ. ಅಂಚಿನಿಂದ ಅಂಚಿಗೆ 6 ಮೀಟರ್ ಅಗಲ, 10 ಮೀಟರ್ ಉದ್ದ, ಎರಡೂ ಬದಿಗೆ 30 ಡಿಗ್ರಿ ಇಳಿಜಾರು ಇರುವ ಮಾಡನ್ನು ತೆಗೆದುಕೊಳ್ಳಿ. ಮುಚ್ಚಿದ ಜಾಗ 60 ಚದರ ಮೀಟರ್. ಇಳಿಜಾರಿನ ಉದ್ದ ಒಂದೊಂದು ಬದಿಗೆ 3 ಮೀಟರನ್ನು 30 ಡಿಗ್ರಿಯ ಕೊಸೈನಿನಿಂದ ಭಾಗಿಸಿದಷ್ಟು, ಅಂದರೆ ಸುಮಾರು 3.46 ಮೀಟರ್, ಹಾಗಾಗಿ ಹಂಚು ಹೊದಿಸಬೇಕಾದ ಮೇಲ್ಮೈ ಸುಮಾರು 69.3 ಚದರ ಮೀಟರ್. ಹಂಚು ತರಿಸುವ ಮೇಸ್ತ್ರಿಗೆ ಎರಡನೆಯ ಸಂಖ್ಯೆ ಬೇಕು, ನೇರವಾಗಿ ಬೀಳುವ ಮಳೆಯ ಲೆಕ್ಕಕ್ಕೆ ಮೊದಲನೆಯದು ಸಾಕು. ಲಂಬಕೋನ ತ್ರಿಭುಜದ ಪಾದ ಮತ್ತು ವಿಕರ್ಣಗಳ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಮನಸ್ಸಿಗೆ ಇಳಿಯುವ ಬೇರೊಂದು ಸಂದರ್ಭವನ್ನು ಹೈಸ್ಕೂಲಿನ ಗಣಿತದಲ್ಲಿ ನಾನು ಕಂಡಿಲ್ಲ.

ಕಂಪ್ಯೂಟರ್ ಬೇಕಾಗುವುದು ಇಳಿಜಾರಿನ ಕೋನ ಅಳೆಯುವಾಗ, ಏಕೆಂದರೆ ಮಕ್ಕಳನ್ನು ಮಾಡಿಗೆ ಹತ್ತಿಸುವಂತಿಲ್ಲ. ಮಾಡಿನ ತ್ರಿಕೋನ ಕಾಣುವ ಪಕ್ಕದ ಗೋಡೆಯ ಎದುರು ನಿಂತು ಫೋಟೋ ತೆಗೆದು, ಅದನ್ನು ಜಿಯೋಜೀಬ್ರಾದಲ್ಲಿ ಹಾಕಿ, ಮೇಲೆ ರೇಖೆಗಳನ್ನೆಳೆದು ಕೋನ ಓದಬಹುದು. ಗೋಡೆಗೆ ಓರೆಯಾಗಿ ನಿಂತು ತೆಗೆದರೆ ಚಿತ್ರದಲ್ಲಿ ಅಗಲ ಕುಗ್ಗಿ ಇಳಿಜಾರು ಇದ್ದದ್ದಕ್ಕಿಂತ ಕಡಿದಾಗಿ ತೋರುತ್ತದೆ. ಬೇಕೆಂದೇ ಎರಡು ಬಗೆಯ ಫೋಟೋ ತೆಗೆದು ಹೋಲಿಸಲು ಹೇಳಿ. ಅನಂತರ ಕೋನಕ್ಕೆ ಒಂದು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಕೊಟ್ಟು ಮಾಡಿನ ಅಡ್ಡಸೀಳಿನ ಚಿತ್ರ ರಚಿಸಿದರೆ, ಪಾದ ಅಲುಗದೆ ವಿಕರ್ಣ ಮಾತ್ರ ಬೆಳೆಯುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತವಾಗಿ ಸಿಗುತ್ತದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮನೆಯಲ್ಲಿಯೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಏಕೆಂದರೆ ಜುಲೈ ತಿಂಗಳಲ್ಲಿ ನೆಟ್‌ವರ್ಕನ್ನೂ ಕರೆಂಟನ್ನೂ ನಂಬಿ ಪಾಠ ಯೋಜಿಸುವುದು ನಮ್ಮ ಕಡೆ ಕಷ್ಟ.

ಮಳೆಯ ಅಂಕಿ ಅಂಶಗಳಿಗೆ ಸ್ಪ್ರೆಡ್‌ಶೀಟ್ ಒಳ್ಳೆಯದು, ಆದರೆ ಮೊದಲ ವಾರದ ಲೆಕ್ಕ ಕೈಯಲ್ಲಿಯೇ ಆಗಲಿ. ಉದಾಹರಣೆಗೆ ಏಳು ದಿನಗಳ ಮಳೆ 12, 0, 35, 8, 140, 22, 14 ಮಿಲಿಮೀಟರ್ ಎಂದಿಟ್ಟುಕೊಂಡರೆ ಸರಾಸರಿ 33 ಬರುತ್ತದೆ, ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಸಂಖ್ಯೆ) 14. ಒಂದೇ ದಿನದ ಜಡಿಮಳೆ ಸರಾಸರಿಯನ್ನು ಎಳೆದುಕೊಂಡು ಹೋಗಿರುವುದು ಯಾರಿಗಾದರೂ ಕಾಣುತ್ತದೆ. ಈ ನೀರು ಹಿಡಿಯುವ ಟ್ಯಾಂಕಿನ ಲೆಕ್ಕಕ್ಕೆ ಬೇಕಾದದ್ದು ಮಾತ್ರ ಇವೆರಡೂ ಅಲ್ಲ, ಒಟ್ಟು ಮೊತ್ತವಾದ 231; ಮೇಲಿನ ಮಾಡಿಗೆ ಅದು 13,860 ಲೀಟರ್. ಹಂಚಿನ ಮೇಲ್ಮೈಯನ್ನು ಹಿಡಿದು ಲೆಕ್ಕ ಹಾಕಿದ ಗುಂಪಿಗೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಸುಮ್ಮನೆ ಸೇರಿಕೊಂಡಿರುತ್ತದೆ.

ಮಾಡು ತಾರಸಿಯದ್ದಾಗಿದ್ದರೆ ತೆಂಗಿನ ಮರದ ಎತ್ತರ ಅಳೆಯುವ ಹಳೆಯ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ, ಆದರೆ ಪ್ರಶ್ನೆ ಬದಲಿಸಿ: ಎಲ್ಲಿ ನಿಂತು ಅಳೆದರೆ ತಪ್ಪು ಕಡಿಮೆ? ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಮಾಡಿದ ಉಪಕರಣದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಕಣ್ಣಿನ ಮಟ್ಟದಿಂದ 15 ಮೀಟರ್ ಎತ್ತರದ ಮರವನ್ನು 15 ಮೀಟರ್ ದೂರದಿಂದ ನೋಡಿದರೆ ಆ ಒಂದು ಡಿಗ್ರಿಗೆ ಎತ್ತರದಲ್ಲಿ ಅರ್ಧ ಮೀಟರಿನಷ್ಟು ತಪ್ಪು ಬರುತ್ತದೆ, 60 ಮೀಟರ್ ದೂರದಿಂದ ನೋಡಿದರೆ ಒಂದು ಮೀಟರಿಗಿಂತ ಹೆಚ್ಚು. ಉನ್ನತ ಕೋನ 45 ಡಿಗ್ರಿಯ ಹತ್ತಿರ ಇದ್ದಾಗ ತಪ್ಪು ಅತ್ಯಂತ ಕಡಿಮೆ ಎಂಬುದನ್ನು ಟ್ಯಾಂಜೆಂಟ್ ಕೋಷ್ಟಕ ಹಿಡಿದು ಮಕ್ಕಳೇ ಹುಡುಕಬಲ್ಲರು.

ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, ಸರ್ಕಾರದ ಡಿಜಿಟಲ್ ಕಲಿಕಾ ವೇದಿಕೆಯಾದ ದೀಕ್ಷಾದ ಪಾಠಗಳು ಪುನರಾವರ್ತನೆಗೆ ಉಪಯುಕ್ತ. ಪ್ರಾಜೆಕ್ಟಿಗೆ ಅವು ಬೇಕಿಲ್ಲ. ಮುಖ್ಯೋಪಾಧ್ಯಾಯರು ಪಾಠಭಾಗ ಹಿಂದೆ ಬೀಳುತ್ತದೆ ಎಂದು ಚಿಂತಿಸುವುದು ಸಹಜ. ಈ ಕೆಲಸ ಯಾವ ಯಾವ ಅಧ್ಯಾಯಗಳಿಗೆ ಸೇರುತ್ತದೆ, ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನ) ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ ಅನುಮತಿ ಕೇಳಿ.

ಅಂಕ ಕೊಡುವಾಗ ವರದಿಯ ಅಂದವನ್ನು ನೋಡಬೇಡಿ. ಗುಂಪಿನ ಒಬ್ಬೊಬ್ಬರನ್ನೂ ಬೇರೆಯಾಗಿ ಕರೆದು, ಮಾಡಿನ ಕೋನ 30ರ ಬದಲು 45 ಡಿಗ್ರಿ ಆಗಿದ್ದರೆ ನಿಮ್ಮ ಲೆಕ್ಕದಲ್ಲಿ ಯಾವ ಸಂಖ್ಯೆ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ಕೇಳಿ, ಆ ಉತ್ತರಕ್ಕೆ ಅರ್ಧದಷ್ಟಾದರೂ ಅಂಕ ಇಡಿ.