ಯಾವ ಸ್ಕ್ಯಾನ್ ಮಾಡಿಸಿದರೆ ಫೈಬ್ರೊಮಯಾಲ್ಜಿಯಾ ಗೊತ್ತಾಗುತ್ತದೆ?

ಯಾವ ಸ್ಕ್ಯಾನ್‌ನಲ್ಲೂ ಗೊತ್ತಾಗುವುದಿಲ್ಲ. ಫೈಬ್ರೊಮಯಾಲ್ಜಿಯಾ ಎಂದರೆ ಮೈತುಂಬ ನೋವು, ದಣಿವು ತಿಂಗಳುಗಟ್ಟಲೆ ಕಾಡುವ ಕಾಯಿಲೆ. ಮೈಯೆಲ್ಲ ನೋವು, ರಿಪೋರ್ಟ್ ಮಾತ್ರ ನಾರ್ಮಲ್ ಎಂದು ಬರೆದಿದ್ದೀರಿ. ನನ್ನದೂ ಅದೇ ಕಥೆ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿನ ದಿನಗಳಲ್ಲಿ ಮೈಕೈ ನೋವು ಯಾರಿಗಿಲ್ಲ? ಆದರೆ ಕೊಯ್ಲು ಮುಗಿದು, ಹೂಮಳೆ ಬಂದು ಹೋದರೂ ನನ್ನ ನೋವು ಇಳಿಯಲಿಲ್ಲ. ರಾತ್ರಿಯಿಡೀ ಮಲಗಿ ಎದ್ದರೂ ಕಣ್ಣೇ ಮುಚ್ಚದವಳ ಹಾಗೆ ಸುಸ್ತು.

ನಾನು ಎಡವಿದ್ದು ಒಬ್ಬೊಬ್ಬ ವೈದ್ಯರಿಗೆ ಒಂದೊಂದೇ ನೋವು ಹೇಳಿ. ಮಂಡಿಗೆ ಮೂಳೆ ವೈದ್ಯರು, ತಲೆನೋವಿಗೆ ನರರೋಗ ತಜ್ಞರು, ಹೊಟ್ಟೆಗೆ ಇನ್ನೊಬ್ಬರು. ಒಬ್ಬೊಬ್ಬರಿಗೂ ಬೇರೆ ಫೈಲ್. ಮಂಡಿ ತೋರಿಸಲು ಹೋದಲ್ಲಿ ತಲೆನೋವಿನ ಮಾತೆತ್ತಿದರೆ ‘ಈಕೆಗೆ ಎಲ್ಲೆಲ್ಲೂ ನೋವೇ’ ಎಂದುಕೊಂಡಾರು ಎಂಬ ಅಳುಕು. ನಿದ್ದೆಯ ವಿಷಯವನ್ನಂತೂ ಯಾರಿಗೂ ಹೇಳಲಿಲ್ಲ. ಅದಕ್ಕೂ ಮಂಡಿಗೂ ಏನು ಸಂಬಂಧ? ಮಂಡಿ ತೋರಿಸಿದವಳಿಗೆ ಮಂಡಿಯ ಎಕ್ಸ್‌ರೇ ಬರೆದುಕೊಟ್ಟರು, ಅದರಲ್ಲಿ ಅವರ ತಪ್ಪಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಸಿಕ್ಕುವ ಕಾಯಿಲೆಯನ್ನು ನಾನೇ ಪಾಲು ಮಾಡಿ ಹಂಚಿದ್ದೆ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಹತ್ತಿತು, ಆ ಉರಿಗೆ ಮತ್ತೊಂದು ಫೈಲ್.

ಕೊನೆಗೆ ಮೈಸೂರಿನಲ್ಲಿ ರುಮಟಾಲಜಿ (ಕೀಲು, ವಾತರೋಗಗಳ) ತಜ್ಞರೊಬ್ಬರು ಮನುಷ್ಯಾಕೃತಿಯಿದ್ದ ಹಾಳೆ ಕೊಟ್ಟು, ಕಳೆದ ವಾರ ನೋವಿದ್ದ ಕಡೆಯೆಲ್ಲ ಗುರುತು ಹಾಕಿ ಎಂದರು. ಕುತ್ತಿಗೆ, ಎರಡು ಭುಜ, ಸೊಂಟ, ತೊಡೆ, ದವಡೆ... ಪೆನ್ನು ನಿಲ್ಲದ್ದು ಕಂಡು ನನಗೇ ನಾಚಿಕೆಯಾಯಿತು. ಅವರು ನಗಲಿಲ್ಲ, ಎಣಿಸಿದರು. ಫೈಬ್ರೊಮಯಾಲ್ಜಿಯಾ ಗುರುತಿಸಲು 2016ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಅಂಥ 19 ಜಾಗಗಳಿವೆ. 7 ಕಡೆಯಾದರೂ ನೋವಿದ್ದು, ಲಕ್ಷಣಗಳ ಅಂಕ 5 ಮುಟ್ಟಬೇಕು. ಜಾಗ 4ರಿಂದ 6 ಇದ್ದರೆ ಅಂಕ 9 ಬೇಕು. ನೋವು ಮೈತುಂಬ ಹರಡಿರಬೇಕು, 3 ತಿಂಗಳಿಂದ ಹಾಗೆಯೇ ಇರಬೇಕು. ದಣಿವು, ನಿದ್ದೆ, ಮರೆವಿಗೆ ಅಂಕ. ನಾನು ಬೇರೆಡೆ ಬಚ್ಚಿಟ್ಟಿದ್ದ ತಲೆನೋವು, ಹೊಟ್ಟೆನೋವಿಗೂ ಅಂಕ!

ರಕ್ತ ಪರೀಕ್ಷೆ ಮಾಡಿಸುವುದು ಥೈರಾಯ್ಡ್, ಸಂಧಿವಾತದಂಥವು ಅಲ್ಲ ಎಂದು ತಿಳಿಯಲು. ಮೈಯಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆ ನಾರ್ಮಲ್ ಬಂದ ಮಾತ್ರಕ್ಕೆ ನಿಮ್ಮ ನೋವು ಸುಳ್ಳಾಗುವುದಿಲ್ಲ. ಇದರಲ್ಲಿ ಕೀಲು ಕೆಡುವುದಿಲ್ಲ. ಮಿದುಳು ಮತ್ತು ಬೆನ್ನುಹುರಿ ನೋವನ್ನು ಹಿಗ್ಗಿಸಿ ತೋರಿಸುತ್ತವೆ. ಆದ್ದರಿಂದಲೇ ಸಾಮಾನ್ಯ ನೋವಿನ ಮಾತ್ರೆ, ಸ್ಟೀರಾಯ್ಡ್ ಇದಕ್ಕೆ ನಾಟುವುದಿಲ್ಲ. ನನಗೆ ಡ್ಯುಲೋಕ್ಸೆಟಿನ್ ಕೊಟ್ಟರು. ಖಿನ್ನತೆಯ ಮಾತ್ರೆಯೆಂದು ಮನೆಯವರು ಗಾಬರಿಯಾದರು. ಈ ನೋವಿಗೂ ಅದನ್ನು ಕೊಡುತ್ತಾರೆ. ಕೆಲವರಿಗೆ ಪ್ರಿಗಾಬಲಿನ್, ಕೆಲವರಿಗೆ ರಾತ್ರಿ ಹೊತ್ತು ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್.

ಕೊಡಗಿನ ಮಳೆ ಬಿಟ್ಟು ಬಯಲುಸೀಮೆಗೆ ಹೋಗಲೇ ಎಂದೂ ಕೇಳಿದ್ದೀರಿ. ಬೇಡ. ಮಳೆಗಾಲದಲ್ಲಿ ನನಗೂ ಹೆಚ್ಚುತ್ತದೆ, ಆದರೆ ಬೇಸಗೆಯಲ್ಲಿ ಮೈಸೂರಿನ ತಂಗಿ ಮನೆಗೂ ಅದು ಜೊತೆಗೇ ಬಂದಿತ್ತು. ಸ್ಕ್ಯಾನಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಳ್ಳೆಯ ಶೂ ಕೊಳ್ಳಿ. ಇದಕ್ಕೆ ಅತಿ ಗಟ್ಟಿಯಾದ ಶಿಫಾರಸು ಇರುವುದು ವ್ಯಾಯಾಮಕ್ಕೆ. ನಾನು ಕಾಫಿ ಕಣದ ಸುತ್ತ ನಡೆಯುತ್ತೇನೆ, ಮಳೆಯಿದ್ದರೆ ಜಗಲಿಯಲ್ಲೇ. ನೋವು ಕಡಿಮೆಯಿದ್ದ ದಿನ ಉಳಿದ ಕೆಲಸವನ್ನೆಲ್ಲ ಮುಗಿಸಲು ಹೊರಟರೆ ಮರುದಿನ ಹಾಸಿಗೆಯೇ ಗತಿ.

ಬೆರಳ ಗೆಣ್ಣು ಊದಿಕೊಂಡಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ನಾನು ಹೇಳಿದ್ದನ್ನು ಪಕ್ಕಕ್ಕಿಟ್ಟು ತಡಮಾಡದೆ ತಜ್ಞರಿಗೆ ತೋರಿಸಿ. ಹೋಗುವಾಗ ಎಲ್ಲ ಫೈಲ್‌ಗಳನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳಿ.